ಗಿಣಿ ಸಾಕಿದರೆ ಕೇಸು, ಮಕಾವ್ ಸಾಕಿದರೆ ಅರ್ಜಿ

(ಹುಣಸೂರಿನಲ್ಲಿ ಓದುಗರ ಸಣ್ಣ ಕೂಟವೊಂದರ ಮುಂದೆ ನಿವೃತ್ತ ಪಶುವೈದ್ಯರೊಬ್ಬರು ಆಡಿದ ಮಾತುಗಳ ಬರಹ ರೂಪ.)

ಇಲ್ಲಿಗೆ ಬರುವ ಮುಂಚೆ ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಕಾಫಿ ಕುಡಿದೆ. ನಲವತ್ತು ವರ್ಷಕ್ಕೂ ಹಿಂದೆ ಅದೇ ಜಾಗದಲ್ಲಿ ಗಿಣಿಶಾಸ್ತ್ರದವನೊಬ್ಬ ಕೂರುತ್ತಿದ್ದ. ಮುಂದೆ ಗೋಣಿತಾಟು, ಅದರ ಮೇಲೆ ದೇವರ ಪಟದ ಕಾರ್ಡುಗಳ ಸಾಲು, ಪಕ್ಕದಲ್ಲಿ ಮರದ ಪಂಜರ. ನಿಮ್ಮ ಹೆಸರು ಹೇಳಿದರೆ ಪಂಜರದ ಬಾಗಿಲು ಎತ್ತುತ್ತಿದ್ದ. ಗಿಣಿ ನಡೆದುಕೊಂಡು ಬರುತ್ತಿತ್ತು. ಹಾರಿಕೊಂಡಲ್ಲ, ಗಮನಿಸಿ, ನಡೆದುಕೊಂಡು. ಕೊಕ್ಕಿನಲ್ಲಿ ಒಂದು ಕಾರ್ಡು ಎಳೆದು ಹಾಕಿ, ಕೂಲಿಗೆ ಒಂದು ಭತ್ತದ ಕಾಳು ತಿಂದು, ತಾನಾಗಿಯೇ ಪಂಜರದೊಳಗೆ ಹೋಗುತ್ತಿತ್ತು. ನಾನು ಪಿಯುಸಿ ಪಾಸಾಗುತ್ತೇನೆ ಅಂದದ್ದು ಆ ಗಿಣಿ. ಪಾಸಾದೆ, ಪಶುವೈದ್ಯನೂ ಆದೆ. ಅದು ನಡೆಯುತ್ತಿದ್ದದ್ದು ಶಿಸ್ತಿಗಲ್ಲ, ರೆಕ್ಕೆಯ ಗರಿ ಕತ್ತರಿಸಿದ್ದಕ್ಕೆ ಅಂತ ಗೊತ್ತಾಗಲು ಮಾತ್ರ ನಾನು ಕಾಲೇಜಿಗೇ ಹೋಗಬೇಕಾಯಿತು.

ನಿಮ್ಮಲ್ಲಿ ಎಷ್ಟು ಜನರ ಮನೆಯಲ್ಲಿ ಗಿಣಿ ಇದೆ ಅಂತ ಕೇಳಿ ಕೈ ಎತ್ತಿಸುವುದಿಲ್ಲ. ಎತ್ತಿದರೆ ನೀವು ಅಪರಾಧ ಒಪ್ಪಿಕೊಂಡ ಹಾಗೆ. ಹಿಂದಿನ ಸಾಲಿನಲ್ಲಿ ಯಾರೋ ನಕ್ಕಿರಿ, ಆದರೆ ಇದು ನಿಜ. ನಮ್ಮ ತೆಂಗಿನ ತೋಟದಲ್ಲಿ ಕೀರಲುವ, ರಾಗಿ ತೆನೆಗೆ ಬೀಳುವ, ಕೆಂಪು ಕೊಕ್ಕಿನ, ಕೊರಳಿಗೆ ಪಟ್ಟಿ ಇರುವ ಗಿಣಿ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪಟ್ಟಿಯಲ್ಲಿರುವ ಪಕ್ಷಿ. ಅದನ್ನು ಹಿಡಿಯುವಂತಿಲ್ಲ, ಮಾರುವಂತಿಲ್ಲ, ಪಂಜರದಲ್ಲಿ ಇಡುವಂತಿಲ್ಲ. ಅದೇ ಬೀದಿಯಲ್ಲಿ ಯಾರಾದರೂ ದಕ್ಷಿಣ ಅಮೆರಿಕದ ನೀಲಿ-ಹಳದಿ ಮಕಾವ್ ಅನ್ನುವ ದೊಡ್ಡ ಗಿಣಿ ತಂದು ಬಾಲ್ಕನಿಯಲ್ಲಿ ಕೂರಿಸಿಕೊಂಡರೆ? ಅದಕ್ಕೆ ಕಾನೂನಿನಲ್ಲಿ ದಾರಿ ಇದೆ. ಆನ್‌ಲೈನ್ ಅರ್ಜಿ, ಶುಲ್ಕ, ನೋಂದಣಿ ಪತ್ರ. ಅಂಗಳದ ಗಿಣಿಗೆ ಕೇಸು, ಅಮೆಜಾನಿನ ಗಿಣಿಗೆ ಅರ್ಜಿ. ಈ ವಿಚಿತ್ರ ಹೇಗೆ ಹುಟ್ಟಿತು ಅನ್ನುವುದೇ ನನ್ನ ಮಾತಿನ ಮೊದಲ ಭಾಗ. ಎರಡನೆಯ ಭಾಗ ಸ್ವಲ್ಪ ಕೋಪದ್ದು, ಅದಕ್ಕೆ ಆಮೇಲೆ ಬರುತ್ತೇನೆ.

ಮೈಸೂರು ಸಂಸ್ಥಾನದಲ್ಲಿ 1901ರಲ್ಲೇ ಬೇಟೆ ಮತ್ತು ಮೀನುಗಳ ಬಗ್ಗೆ ಒಂದು ರೆಗ್ಯುಲೇಷನ್ ಇತ್ತು. ಬ್ರಿಟಿಷ್ ಇಂಡಿಯಾದಲ್ಲಿ 1912ರ ಕಾಯ್ದೆ ಬಂತು. ಅವೆಲ್ಲ ಮುಖ್ಯವಾಗಿ ಬೇಟೆಯ ಕಾನೂನುಗಳು: ಯಾರು, ಯಾವಾಗ, ಎಷ್ಟು ಹೊಡೆಯಬಹುದು. ಮನೆಯಲ್ಲಿ ಯಾರು ಏನು ಕಟ್ಟಿಕೊಂಡಿದ್ದಾರೆ ಅನ್ನುವುದು ಯಾರಿಗೂ ದೊಡ್ಡ ಚಿಂತೆಯಾಗಿರಲಿಲ್ಲ. ಅರಮನೆಯವರು ಹುಲಿ ಸಾಕುತ್ತಿದ್ದರು, ಹಳ್ಳಿಯವರು ಜಿಂಕೆಮರಿ ಸಾಕುತ್ತಿದ್ದರು. 1972ರಲ್ಲಿ ಬಂದದ್ದು ದೊಡ್ಡ ಕಾಯ್ದೆ. ಆಗ ವನ್ಯಪ್ರಾಣಿ ರಾಜ್ಯಗಳ ವಿಷಯವಾಗಿತ್ತು. ಹಾಗಾಗಿ ರಾಜ್ಯಗಳೇ ನಿರ್ಣಯ ಮಾಡಿ ‘ನಮಗಾಗಿ ನೀವು ಒಂದು ಕಾಯ್ದೆ ಮಾಡಿಕೊಡಿ’ ಎಂದು ಸಂಸತ್ತನ್ನು ಕೇಳಿಕೊಂಡವು. ನಾಲ್ಕು ವರ್ಷಕ್ಕೆ, 1976ರಲ್ಲಿ, ಸಂವಿಧಾನದ 42ನೇ ತಿದ್ದುಪಡಿ ಆ ವಿಷಯವನ್ನೇ ಎತ್ತಿ ಸಮವರ್ತಿ ಪಟ್ಟಿಗೆ, ಅಂದರೆ ಕೇಂದ್ರ-ರಾಜ್ಯ ಎರಡೂ ಕಾನೂನು ಮಾಡಬಹುದಾದ ಪಟ್ಟಿಗೆ, ಹಾಕಿತು. ಅಲ್ಲಿಂದ ಈಚೆಗೆ ಪಟ್ಟಿ ತಯಾರಾಗುವುದು ದೆಹಲಿಯಲ್ಲಿ. ಇದನ್ನು ನೆನಪಿಟ್ಟುಕೊಳ್ಳಿ, ಕೊನೆಯಲ್ಲಿ ಬೇಕಾಗುತ್ತದೆ.

1972ರ ಕಾಯ್ದೆಯಲ್ಲಿ ಎರಡು ಗಟ್ಟಿ ಮಾತುಗಳಿವೆ. ಒಂದು, ‘ಬೇಟೆ’ ಅಂದರೆ ಕೊಲ್ಲುವುದಷ್ಟೇ ಅಲ್ಲ, ಹಿಡಿಯುವುದೂ ಬೇಟೆಯೇ. ಪೊಟರೆಯಿಂದ ಗಿಣಿಮರಿ ತೆಗೆದ ಹುಡುಗನೂ ಕಾನೂನಿನ ಕಣ್ಣಿನಲ್ಲಿ ಬೇಟೆಗಾರ. ಎರಡು, 39ನೇ ಸೆಕ್ಷನ್. ಹಾಗೆ ಹಿಡಿದ ಪ್ರಾಣಿ ಸರ್ಕಾರದ ಸ್ವತ್ತು. ನೀವು ಹತ್ತು ವರ್ಷ ಹಾಲು-ಹಣ್ಣು ಹಾಕಿ ಸಾಕಿದರೂ ಅದು ನಿಮ್ಮದಲ್ಲ. ಮೊದಲಿಂದ ಇಟ್ಟುಕೊಂಡಿದ್ದವರಿಗೆ ಘೋಷಣೆ ಮಾಡಿಕೊಳ್ಳಿ ಎಂದು ಆಗ 30 ದಿನ ಕೊಟ್ಟಿದ್ದರು. ಯಾರಿಗೂ ತಿಳಿಯಲೇ ಇಲ್ಲ. 2003ರಲ್ಲಿ ಇನ್ನೊಮ್ಮೆ 180 ದಿನ ಕೊಟ್ಟರು. ಹಳೇ ಮನೆಗಳ ಗೋಡೆಯ ಮೇಲಿದ್ದ ಜಿಂಕೆ ಕೊಂಬು, ಹುಲಿ ಚರ್ಮಗಳು ಆಗ ಸ್ವಲ್ಪ ದಾಖಲಾದವು. ಅದೂ ಅರ್ಧಂಬರ್ಧ. ಹಾಗಾಗಿಯೇ 2023ರ ಅಕ್ಟೋಬರಿನಲ್ಲಿ ಟಿವಿ ಕಾರ್ಯಕ್ರಮವೊಂದರ ಸ್ಪರ್ಧಿ ಕೊರಳಿಗೆ ಹುಲಿಯುಗುರು ಹಾಕಿಕೊಂಡು ಸಿಕ್ಕಿಬಿದ್ದಾಗ ಅರ್ಧ ಕರ್ನಾಟಕ ಅಜ್ಜನ ಪೆಟ್ಟಿಗೆ ತೆಗೆದು ನೋಡಿಕೊಂಡಿತು. ಮುಂದಿನ ಜನವರಿಯಲ್ಲಿ ರಾಜ್ಯ ಸರ್ಕಾರ ‘ಇದ್ದರೆ ತಂದೊಪ್ಪಿಸಿ’ ಎಂದು ಮೂರು ತಿಂಗಳ ಗಡುವು ಕೊಟ್ಟಿತು.

ಇಲ್ಲಿ ಸ್ವಲ್ಪ ದಾರಿ ಬಿಟ್ಟು ಹೋಗುತ್ತೇನೆ. ಈ ತಾಲ್ಲೂಕಿನಲ್ಲಿ ನಿಂತು ಇದನ್ನು ಹೇಳದೆ ಹೋದರೆ ತಪ್ಪಾಗುತ್ತದೆ.

ನಮ್ಮ ಪಕ್ಷಿರಾಜಪುರ ನಿಮಗೆಲ್ಲ ಗೊತ್ತು. ಊರಿನ ಹೆಸರಿನಲ್ಲೇ ಹಕ್ಕಿ ಇದೆ, ಜನರ ಹೆಸರಿನಲ್ಲೂ ಹಕ್ಕಿ ಇದೆ. ಹಕ್ಕಿಪಿಕ್ಕಿಗಳು ತಲೆತಲಾಂತರದಿಂದ ಬಲೆ, ಉರುಲು ಹಿಡಿದು ಹಕ್ಕಿ ಹಿಡಿಯುತ್ತಿದ್ದವರು. ಗೌಜಲು, ಗಿಣಿ, ಮೈನಾ. ಒಂದು ದಿನ ಅವರ ಕಸುಬೇ ಅಪರಾಧವಾಯಿತು. ಕಾನೂನು ಮಾಡಿದ್ದು ಸರಿಯೇ, ಹಕ್ಕಿಯ ಪರವಾಗಿ ನಾನು ನೂರು ಸಲ ಹೇಳುತ್ತೇನೆ. ಆದರೆ ಕಸುಬು ಕಿತ್ತುಕೊಂಡ ಕಾನೂನಿನ ಹಿಂದೆಯೇ ಇನ್ನೊಂದು ಕಸುಬು ಬರಲಿಲ್ಲ. ಮಣಿಸರ, ಪ್ಲಾಸ್ಟಿಕ್ ಹೂವು, ಆಮೇಲೆ ತಲೆಗೂದಲ ಎಣ್ಣೆ, ಎಲ್ಲವನ್ನೂ ಅವರೇ ಹುಡುಕಿಕೊಂಡರು. ಎಣ್ಣೆ ಬಾಟಲಿ ಹಿಡಿದು ಆಫ್ರಿಕಾಕ್ಕೇ ಹೋದರು. 2023ರ ಏಪ್ರಿಲ್‌ನಲ್ಲಿ ಸುಡಾನಿನಲ್ಲಿ ಯುದ್ಧ ಶುರುವಾದಾಗ ಅಲ್ಲಿ ಸಿಕ್ಕಿಹಾಕಿಕೊಂಡವರು ಯಾರು ಅಂತ ಪೇಪರಿನಲ್ಲಿ ಓದಿದ್ದೀರಿ. ಬಲೆ ಕೆಳಗಿಟ್ಟ ಜನ ಖಾರ್ಟೂಮಿನವರೆಗೆ ಹೋಗಬೇಕಾಯಿತು. ವನ್ಯಜೀವಿ ಕಾನೂನಿನ ಬಗ್ಗೆ ಮಾತಾಡುವವರು ಈ ಲೆಕ್ಕವನ್ನು ಪುಸ್ತಕದಲ್ಲಿ ಬರೆಯುವುದೇ ಇಲ್ಲ.

ಕರಡಿಯ ವಿಷಯದಲ್ಲಿ ಹೀಗಾಗಲಿಲ್ಲ, ಅದನ್ನೂ ಹೇಳಬೇಕು. ಚಿಕ್ಕವರಿದ್ದಾಗ ಬೀದಿಗೆ ಕರಡಿ ಬಂದರೆ ನಮ್ಮಜ್ಜಿ ನನ್ನನ್ನು ಅದರ ಬೆನ್ನ ಮೇಲೆ ಕೂರಿಸಿದ್ದರು, ಹೆದರಿಕೆ ಹೋಗಲಿ ಅಂತ. ಎರಡು ಕೂದಲು ಕಿತ್ತು ತಾಯಿತಕ್ಕೆ ಹಾಕಿಸಿದ್ದೂ ಉಂಟು. ಮೂತಿ ತೂತು ಮಾಡಿ ಹಗ್ಗ ಪೋಣಿಸಿದ್ದು ನನಗೆ ಆಗ ಕಂಡೇ ಇರಲಿಲ್ಲ. 1998ರಲ್ಲಿ ಕರಡಿ, ಕೋತಿ, ಹುಲಿ, ಚಿರತೆ, ಸಿಂಹಗಳನ್ನು ಪ್ರದರ್ಶನಕ್ಕೆ ಬಳಸಬಾರದು ಎಂದು ಕೇಂದ್ರದ ಅಧಿಸೂಚನೆ ಬಂತು. 2005ರಲ್ಲಿ ಬನ್ನೇರುಘಟ್ಟದಲ್ಲಿ ಕರಡಿಗಳ ಆಶ್ರಯಧಾಮ ಶುರುವಾಯಿತು. ಅಲ್ಲಿ ಮಾಡಿದ ಒಳ್ಳೆಯ ಕೆಲಸ ಏನೆಂದರೆ, ಕರಡಿ ಕಿತ್ತುಕೊಂಡು ಹೋಗಲಿಲ್ಲ. ಕರಡಿ ಕುಣಿಸುತ್ತಿದ್ದ ಖಲಂದರ್ ಕುಟುಂಬಕ್ಕೆ ಬೇರೆ ಕಸುಬಿಗೆ ದುಡ್ಡು ಕೊಟ್ಟು, ಇನ್ನು ಕರಡಿ ಹಿಡಿಯುವುದಿಲ್ಲ ಎಂದು ಬರೆಸಿಕೊಂಡು, ಪ್ರಾಣಿಯನ್ನು ಪಡೆದರು. ಬೀದಿಯಲ್ಲಿ ಕುಣಿಯುತ್ತಿದ್ದ ಕೊನೆಯ ಕರಡಿ ಎಂದು ಹೇಳುವ ರಾಜು 2009ರ ಡಿಸೆಂಬರಿನಲ್ಲಿ ಅಲ್ಲಿಗೇ ಬಂತು. ಕಾನೂನು ಬಂದು 37 ವರ್ಷ, ಅಧಿಸೂಚನೆ ಬಂದು 11 ವರ್ಷ. ಕಾಗದದಿಂದ ಬೀದಿಗೆ ಇಳಿಯಲು ಬೇಕಾದ ಕಾಲ ಇದು.

ಮಕಾವ್‌ಗೆ ಬರೋಣ.

ನಮ್ಮ ಕಾಯ್ದೆ ನಮ್ಮ ಕಾಡಿನ ಪ್ರಾಣಿಗಳನ್ನು ಮನಸ್ಸಿನಲ್ಲಿಟ್ಟು ಬರೆದದ್ದು. ಹೊರದೇಶದ ಪ್ರಾಣಿಗಳ ವ್ಯಾಪಾರಕ್ಕೆ ಸೈಟಿಸ್ ಅನ್ನುವ ಅಂತರರಾಷ್ಟ್ರೀಯ ಒಪ್ಪಂದ ಇದೆ, ಭಾರತವೂ ಅದರಲ್ಲಿ 1976ರಿಂದ ಇದೆ. ಆದರೆ ಸೈಟಿಸ್ ಇರುವುದು ಗಡಿಯಲ್ಲಿ. ಒಂದು ಹೆಬ್ಬಾವಿನ ಮರಿ ಕಸ್ಟಮ್ಸ್ ದಾಟಿ ಒಳಗೆ ಬಂದುಬಿಟ್ಟರೆ, ಆಮೇಲೆ ಅದು ‘ಇಲ್ಲೇ ಹುಟ್ಟಿದ್ದು ಸಾರ್’. ಹಿಡಿಯಲು ಒಳಗೆ ಕಾನೂನೇ ಇರಲಿಲ್ಲ. ಬಾಲ್ ಪೈಥಾನ್, ಇಗ್ವಾನ ಅನ್ನುವ ದೊಡ್ಡ ಹಲ್ಲಿ, ಆಫ್ರಿಕನ್ ಗ್ರೇ ಗಿಣಿ, ಮಾರ್ಮೊಸೆಟ್ ಕೋತಿ, ಎಲ್ಲವೂ ವಾಟ್ಸಾಪ್ ಗುಂಪುಗಳಲ್ಲಿ ರಾಜಾರೋಷವಾಗಿ ಮಾರಾಟವಾಗುತ್ತಿದ್ದವು. 2020ರ ಜೂನ್‌ನಲ್ಲಿ ಕೇಂದ್ರ ಪರಿಸರ ಸಚಿವಾಲಯ ಒಂದು ಸ್ವಯಂ ಘೋಷಣೆ ಯೋಜನೆ ತಂದಿತು. ಇಟ್ಟುಕೊಂಡಿರುವವರು ಹೇಳಿಬಿಡಿ, ಎಲ್ಲಿಂದ ತಂದಿರಿ ಅಂತ ಕಾಗದ ಕೇಳುವುದಿಲ್ಲ. ಹಳೆಯದನ್ನು ಕ್ಷಮಿಸಿ ಹೊಸ ಲೆಕ್ಕ ಬರೆಯುವ ಪ್ರಯತ್ನ. ಬೇರೆ ದಾರಿ ಇರಲಿಲ್ಲವೇನೋ. ಆದರೆ ಅದರಿಂದ ಕಳ್ಳಮಾಲೂ ಬಿಳಿಯಾಯಿತು ಅನ್ನುವವರ ಮಾತನ್ನು ನಾನು ತಳ್ಳಿಹಾಕುವುದಿಲ್ಲ.

ಕಾಯ್ದೆಗೆ 2022ರಲ್ಲಿ ತಿದ್ದುಪಡಿಯಾಯಿತು, 2023ರ ಏಪ್ರಿಲ್ 1ರಿಂದ ಜಾರಿ. ಕಾಯ್ದೆಯ ಆರು ಶೆಡ್ಯೂಲುಗಳು, ಅಂದರೆ ಪಟ್ಟಿಗಳು, ನಾಲ್ಕಾದವು, ನಾಲ್ಕನೆಯದು ಪೂರ್ತಿ ಸೈಟಿಸ್ ಪ್ರಾಣಿಗಳದ್ದು. 2024ರ ಫೆಬ್ರವರಿ 28ಕ್ಕೆ ನೋಂದಣಿ ನಿಯಮಗಳು ಬಂದವು. ಆ ಪಟ್ಟಿಯ ಜೀವಂತ ಪ್ರಾಣಿ ಆಗಲೇ ಇದ್ದವರು ಆರು ತಿಂಗಳೊಳಗೆ ಹೇಳಿಕೊಳ್ಳಬೇಕಿತ್ತು, ಹೊಸದಾಗಿ ಪಡೆದವರು 30 ದಿನದೊಳಗೆ, ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ಹೇಳಿಕೊಳ್ಳಬೇಕು. ರಾಜ್ಯ ಅರಣ್ಯ ಇಲಾಖೆಯ ಮುಖ್ಯ ವನ್ಯಜೀವಿ ಪರಿಪಾಲಕರು ನೋಂದಾಯಿಸುತ್ತಾರೆ. ಇದು ನಿಜಕ್ಕೂ ದೊಡ್ಡ ಹೆಜ್ಜೆ, ನಾನು ಕೊಂಕು ತೆಗೆಯುತ್ತಿಲ್ಲ.

ಆದರೆ ಪಟ್ಟಿಗಳ ಆಟ ನೋಡಿ. ಗಿಣಿಯ ಜಾತಿಯ ಹೆಚ್ಚುಕಡಿಮೆ ಎಲ್ಲ ಪಕ್ಷಿಗಳೂ ಸೈಟಿಸ್‌ನ ಎರಡನೇ ಅನುಬಂಧದಲ್ಲೋ ಒಂದನೆಯದರಲ್ಲೋ ಇವೆ. ಅನುಬಂಧ ಎರಡರಿಂದ ಹೆಸರು ಹೇಳಿ ಬಿಟ್ಟಿರುವುದು ನಾಲ್ಕೇ ನಾಲ್ಕು. ಬಡ್ಜೆರಿಗಾರ್, ಅಂದರೆ ನಮ್ಮ ಕಡೆ ಎಲ್ಲರೂ ‘ಲವ್ ಬರ್ಡ್ಸ್’ ಎಂದು ತಪ್ಪಾಗಿ ಕರೆಯುವ ಪುಟ್ಟ ಹಕ್ಕಿ, ಕಾಕಟೀಲ್, ನಿಜವಾದ ಲವ್ ಬರ್ಡ್‌ಗಳಲ್ಲಿ ಒಂದು ಜಾತಿ, ನಾಲ್ಕನೆಯದು ನಮ್ಮ ಇದೇ ಪಟ್ಟಿ ಕೊರಳಿನ ಗಿಣಿ. ಪ್ರಪಂಚದ ಲೆಕ್ಕದಲ್ಲಿ ಇದು ಸಾಮಾನ್ಯ ಪಕ್ಷಿ, ಲಂಡನ್ನಿನ ಪಾರ್ಕುಗಳಲ್ಲೂ ಗುಂಪುಗುಂಪಾಗಿ ಹಾರಾಡುತ್ತಿದೆ. ನಮ್ಮ ಲೆಕ್ಕದಲ್ಲಿ ಇದು ನಮ್ಮ ಕಾಡಿನ ಸ್ವತ್ತು. ಎರಡೂ ಲೆಕ್ಕ ಅವುಗಳ ಜಾಗದಲ್ಲಿ ಸರಿ. ಹಾಗಾಗಿ ‘ಗಿಣಿಗೆ ಕೇಸು, ಮಕಾವ್‌ಗೆ ಅರ್ಜಿ’ ಅನ್ನುವುದು ಯಾರದೋ ದಡ್ಡತನ ಅಲ್ಲ. ಒಂದು ಪಟ್ಟಿ ಕೇಳುವುದು ‘ನಮ್ಮ ಕಾಡಿನಿಂದ ಕದ್ದಿದ್ದೀಯಾ?’ ಅಂತ. ಇನ್ನೊಂದು ಕೇಳುವುದು ‘ಹೊರಗಿಂದ ಬಂದದ್ದಕ್ಕೆ ಲೆಕ್ಕ ಇದೆಯಾ?’ ಅಂತ. ಶುಗರ್ ಗ್ಲೈಡರ್ ಅಂತ ಒಂದು ಪ್ರಾಣಿ ಬಂದಿದೆ, ಆಸ್ಟ್ರೇಲಿಯಾ ಕಡೆಯದು, ಅಂಗೈಯಲ್ಲಿ ಹಿಡಿಸುತ್ತದೆ. ಅದು ಸೈಟಿಸ್ ಪಟ್ಟಿಯಲ್ಲೇ ಇಲ್ಲ. ಹಾಗಾಗಿ ಅದನ್ನು ಎರಡು ಪಟ್ಟಿಯೂ ಏನೂ ಕೇಳುವುದಿಲ್ಲ.

ಎಷ್ಟು ಬರುತ್ತಿದೆ ಅನ್ನುವುದಕ್ಕೆ ನಮ್ಮ ಕೆಂಪೇಗೌಡ ವಿಮಾನ ನಿಲ್ದಾಣವೇ ಸಾಕ್ಷಿ. 2023ರ ಜನವರಿಯಲ್ಲಿ ಅಲ್ಲಿ ಸಿಕ್ಕ ಪ್ರಾಣಿಗಳ ಜಾಡು ಹಿಡಿದು ಹೋದ ಕಂದಾಯ ಗುಪ್ತಚರ ಅಧಿಕಾರಿಗಳಿಗೆ ಬೆಂಗಳೂರಿನ ಒಂದು ಫಾರ್ಮ್‌ಹೌಸಿನಲ್ಲಿ 139 ಪ್ರಾಣಿಗಳು ಸಿಕ್ಕವು. ಅದೇ ವರ್ಷ ಆಗಸ್ಟ್‌ನಲ್ಲಿ ಬ್ಯಾಂಕಾಕ್‌ನಿಂದ ಬಂದ ಸೂಟ್‌ಕೇಸಿನಲ್ಲಿ 234 ಜೀವಗಳು, ಅದರಲ್ಲಿ ಒಂದು ಸತ್ತ ಕಾಂಗರೂ ಮರಿ. ಸೆಪ್ಟೆಂಬರಿನಲ್ಲಿ ವಾರಸುದಾರರಿಲ್ಲದ ಬ್ಯಾಗಿನಲ್ಲಿ 55 ಬಾಲ್ ಪೈಥಾನ್, 17 ಕಾಳಿಂಗ ಸರ್ಪ, ಉಸಿರುಗಟ್ಟಿ ಸತ್ತಿದ್ದ ಆರು ಕ್ಯಾಪುಚಿನ್ ಕೋತಿಗಳು. 2024ರ ಏಪ್ರಿಲ್‌ನಲ್ಲಿ ಹತ್ತು ಹಳದಿ ಅನಕೊಂಡ. ಇವು ಸಿಕ್ಕಿಬಿದ್ದವು ಮಾತ್ರ.

ಆ ಕಾಳಿಂಗ ಸರ್ಪಗಳ ಬಳಿ ಒಂದು ನಿಮಿಷ ನಿಲ್ಲುತ್ತೇನೆ. ಆಗುಂಬೆ ಇರುವ ರಾಜ್ಯಕ್ಕೆ ಬ್ಯಾಂಕಾಕ್‌ನಿಂದ ಕಾಳಿಂಗ! ಮುಂದಿನ ವರ್ಷವೇ, 2024ರಲ್ಲಿ, ವಿಜ್ಞಾನಿಗಳು ಕಾಳಿಂಗ ಸರ್ಪ ಒಂದೇ ಜಾತಿಯಲ್ಲ, ನಾಲ್ಕು ಎಂದು ಪ್ರಕಟಿಸಿದರು. ಪಶ್ಚಿಮ ಘಟ್ಟದ್ದು ಬೇರೆಯೇ. ಅದಕ್ಕೆ ಇಟ್ಟ ಹೆಸರು ಒಫಿಯೋಫೇಗಸ್ ಕಾಳಿಂಗ. ನಮ್ಮ ಕನ್ನಡದ ಮಾತು ವಿಜ್ಞಾನದ ಹೆಸರಾಯಿತು. ಈಗ ಯೋಚಿಸಿ. ಆ ಬ್ಯಾಗು ಸಿಕ್ಕದೆ ಹೊರಗೆ ಹೋಗಿ, ಕೊಂಡವನೊಬ್ಬ ಮೂರು ವರ್ಷದ ನಂತರ ಹೆದರಿ, ‘ಇದು ಮಲೆನಾಡಿನ ಹಾವಲ್ಲವೇ’ ಎಂದು ಪುಣ್ಯಕ್ಕೆ ಆಗುಂಬೆಯ ಘಾಟಿಯಲ್ಲಿ ಬಿಟ್ಟರೆ? ಬೇರೆ ಜಾತಿ, ಬೇರೆ ರೋಗ, ಬೇರೆ ರಕ್ತ. ಕಣ್ಣಿಗೆ ಮಾತ್ರ ಒಂದೇ.

‘ಬಿಟ್ಟುಬಿಡಿ’ ಅನ್ನುವ ಮಾತು ನನ್ನ ಬಾಯಿಂದಲೂ ಬಂದಿದೆ. ಬಹಳ ವರ್ಷದ ಹಿಂದೆ ಒಬ್ಬ ತಾಯಿ ಮಗುವಿನ ಜೊತೆ ನನ್ನ ಕ್ಲಿನಿಕ್ಕಿಗೆ ಬಂದರು. ಬೋಗುಣಿಯಲ್ಲಿ ಕಿವಿಯ ಹತ್ತಿರ ಕೆಂಪು ಗೆರೆ ಇರುವ ಆಮೆ. ಕೊಂಡಾಗ ನಾಣ್ಯದಷ್ಟಿತ್ತಂತೆ. ಈಗ ಊಟದ ತಟ್ಟೆಯಷ್ಟಾಗಿದೆ, ನೀರು ದಿನಾ ನಾರುತ್ತದೆ, ಕಚ್ಚುತ್ತದೆ. ಏನು ಮಾಡೋದು ಸಾರ್ ಅಂದರು. ಊರ ಕೆರೆಗೆ ಬಿಟ್ಟುಬಿಡಿ ತಾಯಿ, ಅದಕ್ಕೂ ಸುಖ ನಿಮಗೂ ಸುಖ ಅಂದೆ. ದೊಡ್ಡ ಜ್ಞಾನಿಯ ಹಾಗೆ. ಅದು ಅಮೆರಿಕದ ರೆಡ್ ಇಯರ್ಡ್ ಸ್ಲೈಡರ್. ಮೂವತ್ತು ವರ್ಷ ಬದುಕಬಲ್ಲದು, ನಮ್ಮ ಕೆರೆ ಆಮೆಗಳ ಬಿಸಿಲು ಕಾಯುವ ಜಾಗ, ಊಟ ಎರಡನ್ನೂ ಕಿತ್ತುಕೊಳ್ಳುತ್ತದೆ. ಪ್ರಪಂಚದ ಅತಿ ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಅದರ ಹೆಸರಿದೆ. ಅಮೆರಿಕದಲ್ಲೇ 1975ರಲ್ಲಿ ನಾಲ್ಕು ಇಂಚಿಗಿಂತ ಚಿಕ್ಕ ಆಮೆ ಮಾರಬಾರದು ಅಂತ ನಿಯಮ ಮಾಡಿದರು. ಪ್ರಾಣಿದಯೆಯಿಂದಲ್ಲ, ಪುಟ್ಟ ಆಮೆಯನ್ನು ಮಕ್ಕಳು ಬಾಯಿಗೆ ಹಾಕಿಕೊಂಡು ಸಾಲ್ಮೊನೆಲ್ಲಾ ಭೇದಿ ಹತ್ತಿಸಿಕೊಳ್ಳುತ್ತಿದ್ದರು ಅಂತ. ಇದೆಲ್ಲ ನನಗೆ ತಿಳಿದದ್ದು ಆಮೇಲೆ. ಆ ಕೆರೆಯ ಏರಿ ಮೇಲೆ ಈಗಲೂ ಓಡಾಡುತ್ತೇನೆ, ಬಂಡೆಯ ಮೇಲೆ ಆಮೆ ಕಂಡರೆ ಮೊದಲು ಕಿವಿ ನೋಡುತ್ತೇನೆ.

ಇನ್ನು ಎರಡು ಪ್ರಾಣಿಗಳ ಮಾತು ಹೇಳಿಬಿಡುತ್ತೇನೆ, ಎರಡನೆಯ ಭಾಗಕ್ಕೆ ಅವೇ ಬಾಗಿಲು.

ಒಬ್ಬ ಹುಡುಗ, ಸಾಫ್ಟ್‌ವೇರಿನವನು, ತಿಂಗಳ ಸಂಬಳ ಕೊಟ್ಟು ತಂದ ಇಗ್ವಾನವನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಬಂದ. ತಿನ್ನುವುದು ಬಿಟ್ಟಿದೆ ಅಂದ. ಬಾಯಿ ತೆರೆಸಲು ದವಡೆ ಹಿಡಿದೆ, ದವಡೆ ರಬ್ಬರಿನ ಹಾಗೆ ಬಗ್ಗಿತು. ಎಲುಬಿನಲ್ಲಿ ಸುಣ್ಣವೇ ಇಲ್ಲ. ಹುಡುಗ ಕೆಟ್ಟವನಲ್ಲ, ದಿನಾ ಎಲೆಕೋಸು ಹೆಚ್ಚಿ ಹಾಕುತ್ತಿದ್ದ, ಗಾಜಿನ ತೊಟ್ಟಿಯನ್ನು ಕಿಟಕಿ ಹತ್ತಿರವೇ ಇಟ್ಟಿದ್ದ, ಬಿಸಿಲು ಬೀಳಲಿ ಅಂತ. ಆದರೆ ಆ ಪ್ರಾಣಿಗೆ ಬಿಸಿಲಿನಲ್ಲಿ ಬೇಕಾದ ಅತಿನೇರಳೆ ಕಿರಣ ಗಾಜು ದಾಟುವುದಿಲ್ಲ. ಆ ಕಿರಣ ಇಲ್ಲದೆ ಡಿ ವಿಟಮಿನ್ ಇಲ್ಲ, ಅದಿಲ್ಲದೆ ತಿಂದ ಸುಣ್ಣ ಮೈಗೆ ಹತ್ತುವುದಿಲ್ಲ. ಎರಡು ವರ್ಷ ಬೆಳಕಿನಲ್ಲೇ ಕೂತು ಕತ್ತಲಲ್ಲಿ ಬದುಕಿತ್ತು.

ಇನ್ನೊಂದು ನಕ್ಷತ್ರ ಆಮೆ. ಕೋಲಾರ, ಚಿಂತಾಮಣಿ ಕಡೆಯ ಕುರುಚಲು ಕಾಡಿನ ಪ್ರಾಣಿ, ಕಾಯ್ದೆಯ ಒಂದನೇ ಶೆಡ್ಯೂಲಿನಲ್ಲಿದೆ, 2019ರಿಂದ ಸೈಟಿಸ್‌ನ ಒಂದನೇ ಅನುಬಂಧದಲ್ಲೂ ಇದೆ. ಅದನ್ನು ಮನೆಯಲ್ಲಿಟ್ಟರೆ ಲಕ್ಷ್ಮಿ ಬರುತ್ತಾಳೆ ಅಂತ ಯಾರೋ ಹೇಳಿದ್ದಾರೆ. ಮೊಸಾಯಿಕ್ ನೆಲದ ಮೇಲೆ, ಮೊಸರನ್ನ ತಿಂದು ಬೆಳೆದ ಆಮೆ. ಬೆನ್ನಿನ ಚಿಪ್ಪು ನಯವಾಗಿರದೆ ಗೋಪುರಗಳ ಹಾಗೆ ಎದ್ದಿತ್ತು. ಹೊಟ್ಟೆ ಕಡೆ ಒತ್ತಿದರೆ ಮೆತ್ತಗೆ. ‘ಇದು ಬಂದ ಮೇಲೇ ನಮಗೆ ಸೈಟ್ ಆಗಿದ್ದು ಡಾಕ್ಟ್ರೇ’ ಅಂದರು ಮನೆಯವರು. ನನ್ನ ಕಷ್ಟ ಹೇಳುತ್ತೇನೆ ಕೇಳಿ. ಚಿಕಿತ್ಸೆ ಕೊಟ್ಟೆ. ಆಮೇಲೆ ಹೇಳಿದೆ, ಇದು ಅಪರಾಧ, ಅರಣ್ಯ ಇಲಾಖೆಗೆ ಒಪ್ಪಿಸಿ ಅಂತ. ಅವರು ಮತ್ತೆ ಬರಲೇ ಇಲ್ಲ. ಆಮೆ ಬದುಕಿತೋ ಇಲ್ಲವೋ ಗೊತ್ತಿಲ್ಲ. ಮೊದಲು ಚಿಕಿತ್ಸೆ, ಆಮೇಲೆ ಕಾನೂನು ಅನ್ನುವುದು ನನ್ನ ಕ್ರಮವಾಗಿತ್ತು. ಕಾನೂನಿನ ಮಾತು ಎತ್ತಿದ್ದಕ್ಕೇ ಚಿಕಿತ್ಸೆ ನಿಂತುಹೋಯಿತು.

ಈ ಎರಡನ್ನು ಪಕ್ಕಪಕ್ಕ ಇಟ್ಟುನೋಡಿ. ಆಮೆ ಸಾಕಿದ್ದು ಅಪರಾಧ. ಇಗ್ವಾನ ಸಾಕಿದ್ದು ನೋಂದಣಿ ಇದ್ದರೆ ಸರಿ. ದವಡೆ ರಬ್ಬರಾದದ್ದು? ಅದಕ್ಕೂ ಒಂದು ಕಾಯ್ದೆ ಇದೆ, 1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆ. ಸಾಕುವವನು ಪ್ರಾಣಿಯ ಯೋಗಕ್ಷೇಮ ನೋಡಿಕೊಳ್ಳಬೇಕು, ಮೈ ಚಾಚಲೂ ಆಗದ ಪಂಜರದಲ್ಲಿ ಇಡಬಾರದು ಎಂದೆಲ್ಲ ಅದರಲ್ಲಿದೆ. ಮೊದಲ ಸಲದ ತಪ್ಪಿಗೆ ದಂಡ ಎಷ್ಟು ಗೊತ್ತೇ? ಹತ್ತು ರೂಪಾಯಿಗೆ ಕಡಿಮೆಯಿಲ್ಲದಂತೆ, ಐವತ್ತು ರೂಪಾಯಿಯವರೆಗೆ. ನಾನು ಬಸ್ ಸ್ಟ್ಯಾಂಡಿನ ಹತ್ತಿರ ಕುಡಿದಂಥ ಕಾಫಿ ಎರಡರ ಬೆಲೆ. ಕಾನೂನು ಪ್ರಾಣಿ ಎಲ್ಲಿಂದ ಬಂತು ಅಂತ ಗದರಿಸಿ ಕೇಳುತ್ತದೆ, ಹೇಗಿದೆ ಅಂತ ಪಿಸುಗುಟ್ಟಿ ಕೇಳುತ್ತದೆ.

ನನ್ನ ಕೋಪ ಇದು: ‘ಹೇಗಿದೆ’ ಅಂತ ನೋಡಬಲ್ಲವರು ಊರಿನವರು ಮಾತ್ರ, ಅವರಿಗೆ ಈ ವ್ಯವಸ್ಥೆಯಲ್ಲಿ ಜಾಗವೇ ಇಲ್ಲ. ನಗರಪಾಲಿಕೆ ನಾಯಿಗೆ ಲೈಸೆನ್ಸ್ ಕೇಳುತ್ತದೆ. ಪಕ್ಕದ ಮಾಳಿಗೆಯಲ್ಲಿ ಎಂಟಡಿ ಹೆಬ್ಬಾವು ಇದ್ದರೆ ಅದು ಪಾಲಿಕೆಯ ಯಾವ ಕಡತದಲ್ಲೂ ಇರಬೇಕಾಗಿಲ್ಲ. ಆ ಮನೆಗೆ ಬೆಂಕಿ ಬಿದ್ದರೆ ಒಳಗೆ ನುಗ್ಗುವ ಅಗ್ನಿಶಾಮಕ ಸಿಬ್ಬಂದಿಗೆ ಗೊತ್ತಿರುವುದಿಲ್ಲ. ಬೆಂಗಳೂರಿನ ಒಂದು ಕಚೇರಿಯ ಸರ್ವರಿನಲ್ಲಿ ಅದರ ಹೆಸರಿದ್ದರೂ ಇರಬಹುದು.

ಇಂಗ್ಲೆಂಡಿನಲ್ಲಿ ಇದನ್ನು ತಲೆಕೆಳಗಾಗಿ ಮಾಡಿದ್ದಾರೆ. 1960ರ ದಶಕದ ಕೊನೆಯಲ್ಲಿ ಲಂಡನ್ನಿನಲ್ಲಿ ಸಿಂಹದ ಮರಿ ಅಂಗಡಿಯಲ್ಲೇ ಸಿಗುತ್ತಿತ್ತು. 1969ರಲ್ಲಿ ಹ್ಯಾರೊಡ್ಸ್‌ನಲ್ಲಿ ಇಬ್ಬರು ಯುವಕರು ಒಂದನ್ನು ಕೊಂಡು ಮನೆಗೆ ತಂದದ್ದು ಪ್ರಸಿದ್ಧ ಕತೆ. ಆ ಹುಚ್ಚು ತಡೆಯಲು 1976ರಲ್ಲಿ ಅಪಾಯಕಾರಿ ವನ್ಯಪ್ರಾಣಿಗಳ ಕಾಯ್ದೆ ಬಂತು. ಪಟ್ಟಿ ರಾಷ್ಟ್ರದ್ದು, ಆದರೆ ಲೈಸೆನ್ಸ್ ಕೊಡುವುದು ಸ್ಥಳೀಯ ಕೌನ್ಸಿಲ್, ನಮ್ಮ ಲೆಕ್ಕದಲ್ಲಿ ಪುರಸಭೆ ಅನ್ನಿ. ಸಾಕುವ ಮೊದಲೇ ಲೈಸೆನ್ಸ್. ಪಶುವೈದ್ಯ ಹೋಗಿ ಜಾಗ ನೋಡಿ ವರದಿ ಕೊಡಬೇಕು. ಪ್ರಾಣಿ ಯಾರಿಗಾದರೂ ಹಾನಿ ಮಾಡಿದರೆ ಅಂತ ವಿಮೆ ಮಾಡಿಸಿರಬೇಕು. ಅವಧಿ ಮುಗಿದರೆ ಮತ್ತೆ ಇದೇ. ಅದೇನು ದೋಷವಿಲ್ಲದ ಕಾನೂನು ಅಂತ ತಿಳಿಯಬೇಡಿ. ವಿಷದ ಹಾವಿಗೆ ಲೈಸೆನ್ಸ್ ಬೇಕು, ಎಷ್ಟೇ ದೊಡ್ಡ ಹೆಬ್ಬಾವಿಗೂ ಬೇಡ. ಕಾಯ್ದೆ ಬಂದಾಗ ಖರ್ಚಿಗೆ ಹೆದರಿ ಕೆಲವರು ಚಿರತೆ, ಪೂಮಾಗಳನ್ನು ಗುಡ್ಡಕ್ಕೆ ಬಿಟ್ಟರು ಅನ್ನುವ ಗಾಳಿಸುದ್ದಿ ಅಲ್ಲಿ ಇವತ್ತಿಗೂ ಓಡಾಡುತ್ತಿದೆ.

ಕಾನೂನೇ ಇಲ್ಲದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ಅಮೆರಿಕದ ಒಹಾಯೊ ರಾಜ್ಯದ ಜೇನ್ಸ್‌ವಿಲ್. 2011ರ ಅಕ್ಟೋಬರಿನ ಒಂದು ಸಂಜೆ ಒಬ್ಬ ಮಾಲೀಕ ತನ್ನ ಜಮೀನಿನಲ್ಲಿದ್ದ ಪಂಜರಗಳ ಬಾಗಿಲನ್ನೆಲ್ಲ ತೆರೆದು ತಾನು ಪ್ರಾಣ ಕಳೆದುಕೊಂಡ. ಕತ್ತಲಾಗುತ್ತಿತ್ತು, ಹೆದ್ದಾರಿ ಪಕ್ಕದಲ್ಲೇ ಇತ್ತು. ಪೊಲೀಸರಿಗೆ ಗುಂಡು ಹಾರಿಸದೆ ದಾರಿ ಇರಲಿಲ್ಲ. ಸತ್ತವುಗಳಲ್ಲಿ 17 ಸಿಂಹ, 18 ಬಂಗಾಳ ಹುಲಿ. ನಾಗರಹೊಳೆಯಲ್ಲಿ ಒಂದು ಹುಲಿ ಸತ್ತರೆ ನಾವು ಎಷ್ಟು ದಿನ ಮಾತಾಡುತ್ತೇವೆ, ಅಲ್ಲಿ ಒಂದೇ ರಾತ್ರಿ ಒಂದೇ ಜಮೀನಿನಲ್ಲಿ ಹದಿನೆಂಟು. ಮುಂದಿನ ವರ್ಷ ಆ ರಾಜ್ಯ ಕಾನೂನು ಮಾಡಿತು.

ನಮ್ಮಲ್ಲಿ ಸ್ಥಳೀಯವಾಗಿ ಏನೂ ಇಲ್ಲವೇ ಅಂದರೆ, ತುಂಡುತುಂಡಾಗಿ ಇದೆ. ಜಿಲ್ಲೆಗೊಬ್ಬರು ಗೌರವ ವನ್ಯಜೀವಿ ಪರಿಪಾಲಕರಿರಬಹುದು. ಜಿಲ್ಲೆಗೊಂದು ಪ್ರಾಣಿದಯಾ ಸಂಘ ಇರಬೇಕು. 2018ರ ನಿಯಮದಂತೆ ಸಾಕುಪ್ರಾಣಿ ಅಂಗಡಿಗಳು ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಬೇಕು. 2002ರ ಜೀವವೈವಿಧ್ಯ ಕಾಯ್ದೆಯಂತೆ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಊರಿನ ಗಿಡಮರ, ಹಕ್ಕಿ, ಮೀನುಗಳ ದಾಖಲೆ ಬರೆಯಬೇಕು. ಇಲ್ಲಿ ಕೂತಿರುವ ಪಂಚಾಯಿತಿ ಸದಸ್ಯರು ನಗುತ್ತಿದ್ದೀರಿ, ಆ ಪುಸ್ತಕ ಬೀರುವಿನಲ್ಲಿದೆ ಅಂತ ನನಗೂ ಗೊತ್ತು. ಆ ಪುಸ್ತಕಕ್ಕೇ ಇನ್ನೊಂದು ಪುಟ ಸೇರಿಸಲಿ ಅನ್ನುತ್ತೇನೆ: ಊರಿನಲ್ಲಿ ಪಂಜರದಲ್ಲಿ, ತೊಟ್ಟಿಯಲ್ಲಿ ಇರುವ ಹೊರಗಿನ ಜೀವಿ ಯಾವುದು, ಯಾರ ಮನೆಯಲ್ಲಿ. ಪೋರ್ಟಲಿನ ನೋಂದಣಿ ಪತ್ರದ ಒಂದು ಪ್ರತಿ ಆ ವಾರ್ಡಿನ ಕಚೇರಿಗೂ ಬರಲಿ. ಪತ್ರ ಕೊಡುವ ಮುಂಚೆ ತಾಲ್ಲೂಕಿನ ಪಶುವೈದ್ಯ ಒಮ್ಮೆ ಹೋಗಿ ತೊಟ್ಟಿ ನೋಡಲಿ, ಗಾಜಿನಾಚೆಯ ಬಿಸಿಲಿನ ವಿಷಯ ಆಗಲೇ ಹೇಳಲಿ. ಕೆಲಸ ಹೆಚ್ಚಾಯಿತು ಅಂತ ನನ್ನ ಸಹೋದ್ಯೋಗಿಗಳು ಬೈಯುತ್ತಾರೆ, ಕಾಲುಬಾಯಿ ಜ್ವರದ ಲಸಿಕೆ ಹಾಕುವುದಕ್ಕೇ ಜನ ಇಲ್ಲ ಅನ್ನುತ್ತಾರೆ. ಅದೂ ನಿಜ. ಅಪಾಯದ ಪ್ರಾಣಿ, ದೊಡ್ಡ ಹಾವು, ಕೋತಿ, ಇಷ್ಟಕ್ಕಾದರೂ ಶುರುವಾಗಲಿ. ಆಕ್ರಮಣಕಾರಿ ಜೀವಿಗಳ ಆಮದು, ಮಾರಾಟ, ಇಟ್ಟುಕೊಳ್ಳುವುದನ್ನು ತಡೆಯುವ ಅಧಿಕಾರ 2022ರ ತಿದ್ದುಪಡಿಯಲ್ಲಿ ಕೇಂದ್ರಕ್ಕೆ ಸಿಕ್ಕಿದೆ. ಕೆರೆಗೆ ಬಿದ್ದ ಸ್ಲೈಡರನ್ನು ಮೊದಲು ಕಾಣುವವನು ಮಾತ್ರ ಬಲೆ ಹಾಕುವ ನಮ್ಮ ಬೆಸ್ತರ ಹುಡುಗ. ಅವನು ಯಾರಿಗೆ ಫೋನ್ ಮಾಡಬೇಕು? ಅದನ್ನು ಯಾರೂ ಅವನಿಗೆ ಹೇಳಿಲ್ಲ.

ಮಾತು ಮುಗಿಸುವ ಮುಂಚೆ, ಮನೆಯಲ್ಲಿ ಗಿಣಿ ಇರುವವರಿಗೆ, ಕೈ ಎತ್ತದವರಿಗೆ. ಇವತ್ತು ಹೋಗಿ ಮಾಳಿಗೆಯಿಂದ ಹಾರಿಬಿಡಬೇಡಿ. ಗರಿ ಕತ್ತರಿಸಿದ ಗಿಣಿ ಹಾರುವುದಿಲ್ಲ, ಪಕ್ಕದ ಮನೆ ಬೆಕ್ಕಿಗೆ ಊಟವಾಗುತ್ತದೆ. ಗರಿ ಇದ್ದರೂ ಹುಟ್ಟಿನಿಂದ ತಟ್ಟೆಯಲ್ಲಿ ತಿಂದ ಹಕ್ಕಿಗೆ ಹೊರಗೆ ತಿನ್ನಲು ಗೊತ್ತಿರುವುದಿಲ್ಲ. ವಲಯ ಅರಣ್ಯ ಕಚೇರಿಗೆ ತಿಳಿಸಿ ಒಪ್ಪಿಸಿ. ಸ್ವಇಚ್ಛೆಯಿಂದ ಒಪ್ಪಿಸಲು ಈಗ ಕಾಯ್ದೆಯಲ್ಲೇ ಜಾಗವಿದೆ. ಪರಿಹಾರ ಮಾತ್ರ ಸಿಗುವುದಿಲ್ಲ.

ಕಳೆದ ವರ್ಷ ನಮ್ಮ ಬೀದಿಯ ಒಬ್ಬ ಅಜ್ಜಿಯ ಜೊತೆ ನಾನೇ ಹೋಗಿದ್ದೆ. ಹನ್ನೊಂದು ವರ್ಷ ಸಾಕಿದ ಗಿಣಿ, ಬೆಳಿಗ್ಗೆ ‘ಕಾಫಿ ಆಯ್ತಾ’ ಅಂತ ಕೇಳುತ್ತಿತ್ತು. ಕಚೇರಿಯಲ್ಲಿ ಹುಡುಗ ಒಳ್ಳೆಯವನು, ಗದರಿಸಲಿಲ್ಲ. ಬರೆದುಕೊಂಡ: ಗಿಣಿ ಒಂದು, ಬಣ್ಣ ಹಸಿರು, ಬಲರೆಕ್ಕೆಯ ಗರಿ ಕತ್ತರಿಸಿದೆ. ಅಜ್ಜಿ ಹೆಬ್ಬೆಟ್ಟು ಒತ್ತಿದರು. ಬಾಗಿಲವರೆಗೆ ಹೋದವರು ವಾಪಸ್ಸು ಬಂದು ಕೇಳಿದರು, ‘ರಾತ್ರಿ ಹೊತ್ತು ಪಂಜರಕ್ಕೆ ಬಟ್ಟೆ ಮುಚ್ಚುತ್ತೀರಾ ಮಗಾ? ಇಲ್ಲದಿದ್ದರೆ ಅದು ನಿದ್ದೆ ಮಾಡಲ್ಲ.’ ಹುಡುಗ ಮಹಜರಿನ ಹಾಳೆಯನ್ನು ಮೇಲಿಂದ ಕೆಳಗೆ ನೋಡಿದ. ಅದನ್ನು ಬರೆಯಲು ಅದರಲ್ಲಿ ಜಾಗ ಇರಲಿಲ್ಲ. ಹಾಳೆ ತಿರುಗಿಸಿ ಹಿಂದುಗಡೆ ಪೆನ್ಸಿಲ್ಲಿನಲ್ಲಿ ಬರೆದುಕೊಂಡ.